ಆರು ಹಂಚು ಮತ್ತು ಒಂದೂವರೆ ಲಕ್ಷ ಅಂಚೆಮನೆ

ಮೂರು ವರ್ಷದ ಹಿಂದಿನ ಮಾತು. ಜುಲೈ ತಿಂಗಳು. ಮಲೆನಾಡಿನ ಒಂದು ತಾಲೂಕು ಕೇಂದ್ರದಲ್ಲಿರುವ ಸರ್ಕಾರಿ ಕಚೇರಿಗೆ ಹೋಗಿದ್ದೆ. ಯಾವ ಊರು, ಯಾವ ಇಲಾಖೆ ಅಂತ ಹೇಳಲ್ಲ. ಹೇಳಿದರೂ ಅಂಥ ವ್ಯತ್ಯಾಸ ಏನಿಲ್ಲ ಬಿಡಿ. ಅಜ್ಜನ ಹೆಸರಿನಲ್ಲಿದ್ದ ಒಂದು ಹಳೇ ದಾಖಲೆಯ ನಕಲು ನನಗೆ ಬೇಕಿತ್ತು.

ಹೊರಗೆ ಜಡಿಮಳೆ. ಕೊಡೆ ಮಡಚಿ ಒಳಗೆ ಹೋದರೆ ಒಳಗೂ ಮಳೆ! ಗುಮಾಸ್ತರ ಮೇಜಿನ ಪಕ್ಕ ಒಂದು ನೀಲಿ ಬಕೆಟ್ಟು, ಅದರ ಪಕ್ಕ ಒಂದು ಅಲ್ಯುಮಿನಿಯಂ ಪಾತ್ರೆ. ಟಪ್ ಟಪ್ ಅಂತ ಎರಡು ಬೇರೆ ಬೇರೆ ತಾಳ. ಕಪಾಟಿನ ಮೇಲೆ ಗೊಬ್ಬರದ ಚೀಲ ಬಿಡಿಸಿ ಹೊದೆಸಿದ್ದರು. ಗುಮಾಸ್ತರು ಒಳ್ಳೆಯವರು. ಅರ್ಧ ಗಂಟೆ ಹುಡುಕಿ ಹಳೇ ರಿಜಿಸ್ಟರ್ ತೆಗೆದರು. ಅಜ್ಜನ ಹೆಸರಿದ್ದ ಪುಟ ಪಕ್ಕದ ಪುಟಕ್ಕೆ ಅಂಟಿಕೊಂಡಿತ್ತು. ಹುಷಾರಾಗಿ ಬಿಡಿಸಿದರೂ ಶಾಯಿಯೆಲ್ಲ ಹರಡಿ ಒಂದು ನೀಲಿ ಮೋಡದ ಥರ ಆಗಿತ್ತು. ಅಜ್ಜನ ಹೆಸರು ಅರ್ಧ ಕಾಣುತ್ತಿತ್ತು, ಇಸವಿ ಕಾಣುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಇಸವಿ.

"ಏನ್ ಸಾರ್ ಇದು?" ಅಂದೆ. ಅವರು ತಲೆ ಎತ್ತಿ ಮಾಡಿನ ಕಡೆ ತೋರಿಸಿದರು. "ಆರೇ ಆರು ಹಂಚು ಒಡೆದಿರೋದು. ಮಂಗ ಹಾರಿದ್ದು. ಮೂರು ಮಳೆಗಾಲ ಆಯ್ತು. ಎಸ್ಟಿಮೇಟ್ ಹೋಗಿದೆ, ಬಂದಿಲ್ಲ."

ಕೇಳಬಾರದಿತ್ತು, ಆದರೂ ಕೇಳಿದೆ. ಆರು ಹಂಚು ನೀವೇ ತಂದು ಹಾಕಿಸಬಹುದಿತ್ತಲ್ವಾ ಅಂತ. ಅವರು ನಕ್ಕರು. "ಒಂದು ಸಲ ಕೈಯಿಂದ ದುಡ್ಡು ಹಾಕಿ ಬಾಗಿಲಿನ ಚಿಲಕ ಹಾಕಿಸಿದ್ದೆ. ಆಡಿಟ್‌ನೋರು ಬಂದು ಯಾರ ಅನುಮತಿ ತಗೊಂಡ್ರಿ ಅಂದ್ರು. ಆವತ್ತಿಂದ ನಮಸ್ಕಾರ."

ಮುಂದಿನ ಕಥೆ ಇನ್ನೂ ಚೆನ್ನಾಗಿದೆ. ನೀರು ಇಳಿದು ಇಳಿದು ತೊಲೆ ಕೊಳೆಯಿತು. ತೊಲೆ ಕೊಳೆತದ್ದಕ್ಕೆ ಕಟ್ಟಡ ಶಿಥಿಲ ಅಂತ ಬರೆದರು. ಪಕ್ಕದ ಜಾಗದಲ್ಲಿ ಹೊಸ ಕಾಂಕ್ರೀಟ್ ಕಟ್ಟಡ ಎದ್ದಿತು. ಚಪ್ಪಟೆ ತಾರಸಿ. ಮಲೆನಾಡಿನಲ್ಲಿ ಚಪ್ಪಟೆ ತಾರಸಿ ಹಾಕಿದರೆ ಏನಾಗುತ್ತೆ ಅಂತ ಅಲ್ಲಿನ ಯಾವ ಗಾರೆಯವರನ್ನು ಕೇಳಿದರೂ ಹೇಳುತ್ತಿದ್ದರು. ಎರಡನೇ ಮಳೆಗಾಲಕ್ಕೆ ಅದೂ ಸೋರಿತು. ಈಗ ಆ ತಾರಸಿ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಮಾಡು ಹೊದೆಸಿದ್ದಾರೆ. ಅಂದರೆ ಮಾಡಿನ ಮೇಲೊಂದು ಮಾಡು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡರು ಅಂತಾರಲ್ಲ, ಇಲ್ಲಿ ಕೊಡಲಿ ತಗೊಂಡ ಮೇಲೂ ಹೋಗಲಿಲ್ಲ.

ಅವತ್ತಿಂದ ಆ ಆರು ಹಂಚು ನನ್ನ ತಲೆಯೊಳಗೆ ಕೂತುಬಿಟ್ಟಿವೆ. ಸರ್ಕಾರಿ ಕಟ್ಟಡಗಳ ಬಗ್ಗೆ ಯಾರಾದರೂ 'ಸುಸ್ಥಿರ ನಿರ್ವಹಣೆ' ಅಂತ ಶುರು ಮಾಡಿದ ಕೂಡಲೇ ಟಪ್ ಟಪ್ ಶಬ್ದ ಕೇಳುತ್ತೆ. ಸುಸ್ಥಿರ ಅಂದರೆ ಏನು? ಭಾಷಣದಲ್ಲಿ ಕೇಳಿದರೆ ಸೌರಫಲಕ, ಹಸಿರು ಕಟ್ಟಡ, ಗಾಜಿನ ಗೋಡೆ, ನಕ್ಷತ್ರದ ರೇಟಿಂಗು. ನಮ್ಮಜ್ಜಿಯನ್ನು ಕೇಳಿದ್ದರೆ ಒಂದೇ ಪದದಲ್ಲಿ ಹೇಳುತ್ತಿದ್ದಳು: ಬಾಳಿಕೆ. ಬಾಳಿಕೆ ಬರಬೇಕು ಅಷ್ಟೇ. ನನ್ನ ವಾದವೂ ಅಷ್ಟೇ. ಸರ್ಕಾರಿ ಆಸ್ತಿ ಹಾಳಾಗುವುದು ಕಟ್ಟೋಕೆ ದುಡ್ಡಿಲ್ಲದೆ ಅಲ್ಲ. ಆ ಸೂರಿನ ಕೆಳಗೆ ಕೂತವನ ಕೈಗೆ ಅದನ್ನು ಸರಿಮಾಡೋ ಅಧಿಕಾರವೂ ದುಡ್ಡೂ ಇಲ್ಲದೆ.

ಇದನ್ನು ಒಂದು ನಿಜವಾದ ಇಲಾಖೆ ಇಟ್ಟುಕೊಂಡು ನೋಡೋಣ. ಒಂದೇ ತಾಲೂಕಿನ ಕಚೇರಿ ನೋಡಿದರೆ ಸಾಲದು, ದೇಶದ ಎಲ್ಲಾ ಹವೆಯಲ್ಲೂ, ಎಲ್ಲಾ ಮಣ್ಣಿನಲ್ಲೂ ಕಚೇರಿ ಇಟ್ಟಿರೋ ಇಲಾಖೆ ಬೇಕು. ಅಂಥದ್ದು ನಮ್ಮ ಕಣ್ಣೆದುರಿಗೇ ಇದೆ. ಅಂಚೆ ಇಲಾಖೆ.

ಅಂಚೆ ನಮಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲೇ ಮೈಸೂರು ಅಂಚೆ ಶುರು ಮಾಡಿದ್ದರು. ಅದು 1889ರಲ್ಲಿ ಬ್ರಿಟಿಷರ ಅಂಚೆಯೊಳಗೆ ಸೇರಿಹೋಯಿತು. ಬ್ರಿಟಿಷರ ಅಂಚೆ ಇಲಾಖೆ 1854ರಲ್ಲಿ ಈಗಿನ ರೂಪಕ್ಕೆ ಬಂದಿತ್ತು. ಹಳೇ ಮೈಸೂರಿನವರು ಪೋಸ್ಟಾಫೀಸಿಗೆ 'ಅಂಚೆಮನೆ' ಅನ್ನುತ್ತಿದ್ದರು. ಎಷ್ಟು ಒಳ್ಳೇ ಪದ ನೋಡಿ. ಕಚೇರಿ ಅಲ್ಲ, ಮನೆ.

ಇವತ್ತು ದೇಶದಲ್ಲಿ 1,64,000ಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿವೆ. ಹಿಮಾಚಲದ ಸ್ಪಿತಿಯಲ್ಲಿ ಹಿಕ್ಕಿಂ ಅನ್ನೋ ಹಳ್ಳಿ ಇದೆ, ಸುಮಾರು 4,400 ಮೀಟರ್ ಎತ್ತರದಲ್ಲಿ. ಅಲ್ಲಿ 1983ರಿಂದ ಅಂಚೆ ಕಚೇರಿ ಇದೆ. ಶ್ರೀನಗರದ ದಾಲ್ ಸರೋವರದಲ್ಲಿ ದೋಣಿಮನೆಯ ಮೇಲೆ 2011ರಲ್ಲಿ ತೇಲುವ ಅಂಚೆ ಕಚೇರಿ ತೆರೆದರು. ನಮ್ಮಲ್ಲಿ ಆಗುಂಬೆಯ ಸೀಮೆಯಲ್ಲೂ ಅಂಚೆ ಕಚೇರಿ ಇದೆ, ಕಲಬುರಗಿಯ ಬಿಸಿಲಿನಲ್ಲೂ ಇದೆ. ಇಷ್ಟೊಂದು ಸೂರುಗಳನ್ನು ಒಂದು ಇಲಾಖೆ ಹೇಗೆ ನೋಡಿಕೊಳ್ಳುತ್ತೆ?

ಇಲ್ಲೇ ಒಂದು ಸ್ವಾರಸ್ಯ ಇರೋದು. ಈ ಸೂರುಗಳಲ್ಲಿ ಮೂರು ಜಾತಿ.

ಒಂದು, ಇಲಾಖೆಯದೇ ಸ್ವಂತ ಕಟ್ಟಡ. ಬೆಂಗಳೂರಿನ ರಾಜಭವನದ ಎದುರಿನ ಜಿಪಿಒ ಥರದ್ದು, ಜಿಲ್ಲಾ ಕೇಂದ್ರಗಳ ಪ್ರಧಾನ ಅಂಚೆ ಕಚೇರಿಗಳ ಥರದ್ದು. ನಾವು ಅಂಚೆ ಕಚೇರಿ ಅಂದಾಗ ಕಣ್ಮುಂದೆ ಬರೋದು ಇವು. ಆದರೆ ಲೆಕ್ಕದಲ್ಲಿ ಇವು ತೀರಾ ಕಮ್ಮಿ.

ಎರಡು, ಬಾಡಿಗೆ ಕಟ್ಟಡ. ಇಲಾಖೆಯ ಪೂರ್ಣಾವಧಿ ನೌಕರರು ಕೂರುವ ಕಚೇರಿಗಳು ದೇಶದಲ್ಲಿ ಸುಮಾರು 25 ಸಾವಿರ ಇವೆ. ಅವುಗಳಲ್ಲಿ ಹೆಚ್ಚಿನವು ಬಾಡಿಗೆ ಮನೆಯಲ್ಲಿವೆ. ಪೇಟೆ ಬೀದಿಯಲ್ಲಿ ಅಕ್ಕಪಕ್ಕ ಜವಳಿ ಅಂಗಡಿ, ಮೊಬೈಲ್ ಅಂಗಡಿ, ನಡುವೆ ಕೆಂಪು ಬೋರ್ಡು. ಬಾಡಿಗೆ ಕಟ್ಟಡದ ಕಷ್ಟ ಬಾಡಿಗೆ ಮನೆಯಲ್ಲಿ ಇದ್ದವರಿಗೆಲ್ಲ ಗೊತ್ತು. ಹಳೇ ಕಾಲದ ಬಾಡಿಗೆ ಕೊಟ್ಟರೆ ಮಾಲೀಕ ಸುಣ್ಣ ಹೊಡೆಸಲ್ಲ, ಬಿಟ್ಟು ಹೋದರೆ ಸಾಕು ಅಂತ ಕಾಯುತ್ತಾನೆ. ಬಾಡಿಗೆದಾರನಿಗೆ ತನ್ನದಲ್ಲದ ಗೋಡೆಗೆ ದುಡ್ಡು ಸುರಿಯೋ ಮನಸ್ಸಿರಲ್ಲ. ಇಬ್ಬರ ನಡುವೆ ಗೋಡೆ ಪಾಚಿ ಕಟ್ಟುತ್ತೆ.

ಮೂರನೆಯ ಜಾತಿ ಎಲ್ಲಕ್ಕಿಂತ ದೊಡ್ಡದು. ನಮಗೆ ಎಲ್ಲಕ್ಕಿಂತ ಕಮ್ಮಿ ಕಾಣೋದು. ಒಟ್ಟು ಕಚೇರಿಗಳಲ್ಲಿ 1,30,000ಕ್ಕೂ ಹೆಚ್ಚು ಶಾಖಾ ಅಂಚೆ ಕಚೇರಿಗಳು. ಇವನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು. ದಿನಕ್ಕೆ ನಾಲ್ಕೈದು ಗಂಟೆಯ ಕೆಲಸ ಅಂತ ಲೆಕ್ಕ. 2018ರ ಪರಿಷ್ಕರಣೆಯಲ್ಲಿ ಶಾಖಾ ಪೋಸ್ಟ್‌ಮಾಸ್ಟರಿಗೆ ಗೊತ್ತು ಮಾಡಿದ ಆರಂಭದ ಭತ್ಯೆ ತಿಂಗಳಿಗೆ 12,000 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಈಗ ಕೇಳಿ ಮುಖ್ಯ ವಿಷಯ. ಈ ಕೆಲಸಕ್ಕೆ ಆಯ್ಕೆಯಾದವರು ಕಚೇರಿಗೆ ಜಾಗವನ್ನೂ ತಾವೇ ಒದಗಿಸಬೇಕು. ಅದಕ್ಕೆ ಅಂತ ಅದೇ ಪರಿಷ್ಕರಣೆಯಲ್ಲಿ, ನಿಗದಿತ ಮಟ್ಟದ ಕೊಠಡಿ ಕೊಟ್ಟವರಿಗೆ ತಿಂಗಳಿಗೆ 500 ರೂಪಾಯಿ ಇಟ್ಟರು.

ಐನೂರು ರೂಪಾಯಿ! ಬೆಂಗಳೂರಿನಲ್ಲಿ ಒಂದು ಬೈಕು ನಿಲ್ಲಿಸೋ ಜಾಗಕ್ಕೆ ಅದಕ್ಕಿಂತ ಜಾಸ್ತಿ ಕೇಳುತ್ತಾರೆ.

ಕೆಲವು ಕಡೆ ಪಂಚಾಯ್ತಿಯವರು ಒಂದು ಕೋಣೆ ಕೊಟ್ಟಿರುತ್ತಾರೆ, ಕೆಲವು ಕಡೆ ಶಾಲೆಯ ಮೂಲೆ ಸಿಕ್ಕಿರುತ್ತೆ. ಮಿಕ್ಕ ಕಡೆ ಜಗಲಿಯೇ ಕಚೇರಿ. ಒಂದು ಮೇಜು, ಒಂದು ಕಬ್ಬಿಣದ ಪೆಟ್ಟಿಗೆ, ಗೋಡೆಗೆ ಕೆಂಪು ಡಬ್ಬಿ. ಪೋಸ್ಟ್‌ಮಾಸ್ಟರು ನಿವೃತ್ತಿಯಾದರೆ ಅಂಚೆ ಕಚೇರಿ ಗಂಟುಮೂಟೆ ಕಟ್ಟಿ ಇನ್ನೊಂದು ಕೇರಿಗೆ ಹೊರಡುತ್ತೆ. ಅದನ್ನು ಹುಡುಕಿಕೊಂಡು ಪಿಂಚಣಿಯ ಅಜ್ಜಿಯರು ಹೊರಡುತ್ತಾರೆ.

ಅಂದರೆ ದೇಶದ ಅತಿ ದೊಡ್ಡ ಕಚೇರಿ ಜಾಲಗಳಲ್ಲೊಂದು ನಿಂತಿರೋದು ಆ ಇಲಾಖೆಯಲ್ಲಿ ಅತಿ ಕಮ್ಮಿ ಸಂಬಳದವರ ಮನೆಯ ಮೇಲೆ. ಇಲಾಖೆಯ ಆಸ್ತಿ ನಿರ್ವಹಣೆ ಅಂತ ಮಾತಾಡುವಾಗ ನಾವು ಜಿಪಿಒದ ಕಲ್ಲಿನ ಕಂಬಗಳ ಬಗ್ಗೆ ಮಾತಾಡುತ್ತೇವೆ. ಜಗಲಿಯ ಬಗ್ಗೆ ಯಾರೂ ಮಾತಾಡಲ್ಲ. ಕಾಗದದ ಮೇಲೆ ನೋಡಿದರೆ ಇದು ಬಹಳ 'ಸುಸ್ಥಿರ'. ಕಟ್ಟಡ ಕಟ್ಟಬೇಕಿಲ್ಲ, ಸಿಮೆಂಟು ಬೇಕಿಲ್ಲ, ಇರುವ ಮನೆಯೇ ಬಳಕೆ. ನಿಜ, ಆದರೆ ಖರ್ಚು ಮಾಯವಾಗಿಲ್ಲ. ಅದನ್ನು ಸೇವಕನ ಹೆಗಲಿಗೆ ದಾಟಿಸಲಾಗಿದೆ ಅಷ್ಟೇ. ಬೇರೆಯವರ ಜೇಬಿನಿಂದ ನಡೆಯುವ ಉಳಿತಾಯ ಬಾಳಿಕೆ ಬರಲ್ಲ.

ಈಗ ಪ್ರದೇಶದ ವಿಷಯಕ್ಕೆ ಬರುತ್ತೇನೆ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಒಂದು ದಿನದ ಬಸ್ ಪ್ರಯಾಣದಲ್ಲಿ ಸಿಗೋ ಚಳ್ಳಕೆರೆಯಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತೆ. ಕರಾವಳಿಯಲ್ಲಿ ಉಪ್ಪುಗಾಳಿ, ಕಬ್ಬಿಣವನ್ನು ತಿಂದು ಹಾಕುತ್ತೆ. ಊರಿನವರು ಇದಕ್ಕೆ ತಕ್ಕ ಹಾಗೆ ಮನೆ ಕಟ್ಟಿಕೊಂಡಿದ್ದರು. ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಇಳಿಜಾರು ಮಾಡು, ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಕೆಂಪು ಹಂಚು. ಕಲಬುರಗಿ ಕಡೆ ಶಹಾಬಾದ್ ಕಲ್ಲು, ದಪ್ಪ ಗೋಡೆ, ಮಣ್ಣಿನ ಮಾಳಿಗೆ. ಯಾವ ಇಂಜಿನಿಯರೂ ಹೇಳಿಕೊಡಲಿಲ್ಲ. ಸೋರಿದಾಗ, ಬೆಂದಾಗ ಕಲಿತದ್ದು.

ಸರ್ಕಾರ ಕಟ್ಟುವಾಗ ಮಾತ್ರ ರಾಜ್ಯಕ್ಕೆಲ್ಲ ಒಂದೇ ಡಬ್ಬಿ. ಮಲೆನಾಡಿನಲ್ಲಿ ಸೋರುತ್ತೆ, ಬಯಲುಸೀಮೆಯಲ್ಲಿ ಸುಡುತ್ತೆ. ಸುಟ್ಟರೆ ಎಸಿ, ಎಸಿಗೆ ಕರೆಂಟು, ಕರೆಂಟು ಹೋದರೆ ಡೀಸೆಲ್ಲು. ಆಮೇಲೆ ಅದೇ ತಾರಸಿ ಮೇಲೆ ಸೌರಫಲಕ ಹಾಕಿ 'ಹಸಿರು ಕಚೇರಿ' ಅಂತ ಫಲಕ. ಅಂಚೆ ಇಲಾಖೆ 2008ರಲ್ಲಿ 'ಪ್ರಾಜೆಕ್ಟ್ ಆರೋ' ಅಂತ ಶುರು ಮಾಡಿ ಕಚೇರಿಗಳಿಗೆಲ್ಲ ಒಂದೇ ರೀತಿಯ ನೋಟ ಕೊಟ್ಟಿತು. ಕೆಂಪು ಹಳದಿ ಬೋರ್ಡು, ಅಚ್ಚುಕಟ್ಟಾದ ಕೌಂಟರು. ಅದು ಒಳ್ಳೇ ಕೆಲಸ, ನನ್ನ ತಕರಾರಿಲ್ಲ. ಎಲ್ಲಿಗೆ ಹೋದರೂ ಅಂಚೆ ಕಚೇರಿ ಗುರುತು ಸಿಗಬೇಕು. ಆದರೆ ಬೋರ್ಡು ಒಂದೇ ಇರಲಿ, ಸೂರು ಬೇರೆ ಬೇರೆ ಇರಲಿ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯ ಇದೆ. ಕ್ಯಾಲೆಂಡರ್. ಸರ್ಕಾರದ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತೆ. ಖರ್ಚಾಗದ ಅನುದಾನ ಅವತ್ತಿಗೆ ವಾಪಸ್. ಹೊಸ ವರ್ಷದ ದುಡ್ಡು ಏಪ್ರಿಲ್ ಕಳೆದು ಹಂಚಿಕೆಯಾಗಿ, ಅಂದಾಜು ಪಟ್ಟಿ, ಟೆಂಡರು ಅಂತ ಮುಗಿಯುವ ಹೊತ್ತಿಗೆ ಜೂನ್ ಬಂದಿರುತ್ತೆ. ಜೂನ್ ಮೊದಲ ವಾರದಲ್ಲಿ ಮುಂಗಾರು. ಅಂದರೆ ಮಾಡಿಗೆ ಹತ್ತಲಿಕ್ಕಾಗದ ಕಾಲಕ್ಕೆ ಸರಿಯಾಗಿ ಮಾಡಿನ ದುಡ್ಡು ಬರುತ್ತೆ. ಮಲೆನಾಡಿನ ಮನೆಯವರು ಮಾಡು ಕೈಯಾಡಿಸೋದು ಜನವರಿಯಿಂದ ಮೇ ಒಳಗೆ. ಆ ಹೊತ್ತಿಗೆ ಕಚೇರಿಯಲ್ಲಿ ಹಳೇ ವರ್ಷದ ದುಡ್ಡು ಮುಗಿದಿರುತ್ತೆ, ಅಥವಾ ಮಾರ್ಚ್ ಕೊನೆಯ ವಾರದ ಗಡಿಬಿಡಿಯಲ್ಲಿ ಕುರ್ಚಿ ಖರೀದಿಗೆ ಹೋಗಿರುತ್ತೆ. ಇದೇ ಕ್ಯಾಲೆಂಡರು ಚೆನ್ನೈಗೆ ಪರವಾಗಿಲ್ಲ, ಅಲ್ಲಿನ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರ್. ಹಿಕ್ಕಿಂನಂಥ ಜಾಗದಲ್ಲಿ ಹಿಮ ಕರಗಿದ ಮೇಲೆ ಕೆಲಸಕ್ಕೆ ಸಿಗೋದೇ ಬೇಸಿಗೆಯ ಕೆಲವು ತಿಂಗಳು. ಒಂದು ದೇಶಕ್ಕೆ ಒಂದೇ ಹಣಕಾಸು ವರ್ಷ ಇರಲಿ, ಬೇಡ ಅನ್ನಲ್ಲ. ಆದರೆ ಮಳೆಗೆ ದೆಹಲಿಯ ಸುತ್ತೋಲೆ ತಲುಪಲ್ಲವಲ್ಲ!

ಇನ್ನು ಲೆಕ್ಕಪತ್ರ. ನಮ್ಮ ಸರ್ಕಾರಗಳು ಲೆಕ್ಕ ಬರೆಯೋದು ನಗದು ಲೆಕ್ಕದಲ್ಲಿ. ಈ ವರ್ಷ ಎಷ್ಟು ಬಂತು, ಎಷ್ಟು ಹೋಯಿತು, ಅಷ್ಟೇ. ಕಟ್ಟಡ ಸವೆಯುತ್ತಿದೆ ಅನ್ನೋದು ಎಲ್ಲೂ ಕಾಣಲ್ಲ. ಒಂದು ಕಂಪನಿಯ ಲೆಕ್ಕದಲ್ಲಿ ಸವಕಳಿ ಅಂತ ಒಂದು ಸಾಲು ಇರುತ್ತೆ, ರೈಲ್ವೆಯವರು ಸವಕಳಿ ಮೀಸಲು ನಿಧಿ ಇಟ್ಟುಕೊಂಡಿದ್ದಾರೆ. ಮಾಮೂಲಿ ಸರ್ಕಾರಿ ಕಚೇರಿಯ ಲೆಕ್ಕದಲ್ಲಿ ಅಂಥ ಸಾಲು ಇಲ್ಲ. ಹೊಸ ಕಟ್ಟಡ ಕಟ್ಟಿದರೆ ಅದು ಬಂಡವಾಳ ವೆಚ್ಚ, ಅಭಿವೃದ್ಧಿ, ಶಂಕುಸ್ಥಾಪನೆ, ಫೋಟೋ. ಆರು ಹಂಚು ಬದಲಿಸಿದರೆ ಅದು ನಿರ್ವಹಣಾ ವೆಚ್ಚ, ದುಂದು, ಕಡಿತ ಮಾಡಬೇಕಾದ್ದು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದರು. ಸರ್ಕಾರ ಮೊದಲರ್ಧವನ್ನು ಮಾತ್ರ ಬಹಳ ಗಂಭೀರವಾಗಿ ತಗೊಂಡಿದೆ :)

ಬೆಂಗಳೂರಿನ ಹಲಸೂರಿನ ಹತ್ತಿರ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರ ಆಗಸ್ಟ್‌ನಲ್ಲಿ ದೇಶದ ಮೊದಲ 3ಡಿ ಮುದ್ರಿತ ಅಂಚೆ ಕಚೇರಿ ಉದ್ಘಾಟನೆಯಾಯಿತು. ಎಲ್ ಅಂಡ್ ಟಿಯವರು ಕಟ್ಟಿದ್ದು, ಮದ್ರಾಸಿನ ಐಐಟಿಯ ಮಾರ್ಗದರ್ಶನ. ಸುಮಾರು ಸಾವಿರ ಚದರಡಿ, ಒಂದೂವರೆ ತಿಂಗಳೊಳಗೆ ಮುಗಿಸಿದರು. ಸಾಧನೆಯೇ. ಹೆಮ್ಮೆ ಪಡಬೇಕಾದ್ದೇ. ಆದರೆ ನಮ್ಮ ಕಚೇರಿಗಳ ಕಾಯಿಲೆ ನಿಧಾನವಾಗಿ ಕಟ್ಟೋದಲ್ಲ. ನಿಧಾನವಾಗಿ ರಿಪೇರಿ ಮಾಡೋದು. ಒಂದೂವರೆ ತಿಂಗಳಲ್ಲಿ ಕಟ್ಟಡ ಎದ್ದು ನಿಲ್ಲುತ್ತೆ, ಮೂರು ವರ್ಷದಲ್ಲಿ ಆರು ಹಂಚು ಬರಲ್ಲ ಅಂದರೆ ಯಂತ್ರದ ಕೊರತೆ ಅಲ್ಲ ಅದು.

ಕಟ್ಟದೇ ಕೆಲಸ ಮಾಡಿದ ಒಳ್ಳೇ ಉದಾಹರಣೆಯೂ ಇದೇ ಇಲಾಖೆಯಲ್ಲಿದೆ. 2017ರ ಜನವರಿಯಲ್ಲಿ ಮೈಸೂರಿನಲ್ಲೂ ಗುಜರಾತಿನ ದಾಹೋದಿನಲ್ಲೂ ಅಂಚೆ ಕಚೇರಿಯೊಳಗೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆದರು. ಪ್ರಯೋಗ ಅಂತ ಶುರುವಾದದ್ದು ದೇಶದಲ್ಲಿ 400ಕ್ಕೂ ಹೆಚ್ಚು ಕಡೆಗೆ ಹಬ್ಬಿತು. ವಿದೇಶಾಂಗ ಇಲಾಖೆ ಪ್ರತಿ ಊರಲ್ಲೂ ಜಾಗ ಹುಡುಕಿ, ಕಟ್ಟಡ ಕಟ್ಟಿ, ಕಾಂಪೌಂಡ್ ಹಾಕಬೇಕಾಗಿತ್ತು. ಅದರ ಬದಲು ಇರುವ ಕಟ್ಟಡದಲ್ಲಿ ಒಂದು ಕೋಣೆ ಕೇಳಿತು. ಪಾಸ್‌ಪೋರ್ಟಿಗೆ ಅಂತ ಬೆಂಗಳೂರಿಗೆ ಓಡುತ್ತಿದ್ದವರ ಬಸ್ ಚಾರ್ಜು ಉಳಿಯಿತು. ಇದಕ್ಕಿಂತ ಹಸಿರು ಕಚೇರಿ ಯಾವುದಿದೆ ಹೇಳಿ? ಇಟ್ಟಿಗೆ ಸುಡಲಿಲ್ಲ, ಮರಳು ತೆಗೆಯಲಿಲ್ಲ. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. ದೊಡ್ಡ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಈಗ ಯಂತ್ರಗಳು ಚಿಕ್ಕವಾಗಿ ಕೋಣೆಗಳು ಖಾಲಿಯಾಗಿವೆ. ಅದೇ ಊರಿನಲ್ಲಿ ಇನ್ನೊಂದು ಇಲಾಖೆ ಬಾಡಿಗೆ ಮನೆ ಹುಡುಕುತ್ತಿರುತ್ತೆ. ಅಂಚೆ ಮತ್ತು ತಂತಿ ಒಂದೇ ಇಲಾಖೆಯಾಗಿದ್ದದ್ದು 1985ರಲ್ಲಿ ಎರಡಾಯಿತು. ನಡುವೆ ಎದ್ದ ಕಾಂಪೌಂಡ್ ಗೋಡೆ ಮಾತ್ರ ಬಹಳ ಗಟ್ಟಿ, ಅದೊಂದು ಯಾವತ್ತೂ ಬೀಳಲ್ಲ ನೋಡಿ.

ಖಾಲಿ ನಿವೇಶನದ ಮಾತು ಬಂದೇ ಬರುತ್ತೆ. ಅಂಚೆ ಇಲಾಖೆಗೆ ಅಂತ ಹಿಂದೆ ಕೊಂಡ ಎಷ್ಟೋ ಜಾಗಗಳು ಕಟ್ಟಡವಿಲ್ಲದೆ ಬಿದ್ದಿವೆ ಅನ್ನೋದು ಸಿಎಜಿ ವರದಿಗಳಲ್ಲೂ ಬಂದಿದೆ, ಸಂಸದೀಯ ಸಮಿತಿಯಲ್ಲೂ ಚರ್ಚೆಯಾಗಿದೆ. ಬೇಲಿ ಇಲ್ಲದ ಜಾಗ ಒತ್ತುವರಿಯಾಗುತ್ತೆ, ಆಮೇಲೆ ಕೋರ್ಟು. ಹಾಗಾಗಿ 'ನಗದೀಕರಣ' ಅನ್ನೋ ಹೊಸ ಪದ ಓಡಾಡುತ್ತಿದೆ. ಮಾರಿ ಅಥವಾ ಭೋಗ್ಯಕ್ಕೆ ಕೊಟ್ಟು ದುಡ್ಡು ಮಾಡಿ ಅಂತ. ಇಲಾಖೆಯ ಆದಾಯಕ್ಕೂ ಖರ್ಚಿಗೂ ಪ್ರತಿ ವರ್ಷ ಸಾವಿರಾರು ಕೋಟಿ ರೂಪಾಯಿ ಕೊರತೆ, ಖರ್ಚಿನ ಬಹುಪಾಲು ಸಂಬಳ ಪಿಂಚಣಿಗೇ ಹೋಗುತ್ತೆ. ಹಾಗಿರುವಾಗ ಆಸೆಯಾಗೋದು ಸಹಜ.

ನಾನು ಪೂರ್ತಿ ವಿರೋಧಿ ಅಲ್ಲ. ಬಳಸದ ಜಾಗವನ್ನು ಹತ್ತಾರು ವರ್ಷ ಪಾರ್ಥೇನಿಯಂ ಬೆಳೆಯೋಕೆ ಬಿಡೋದು ಯಾವ ಸುಸ್ಥಿರತೆ? ಆದರೆ ಬೆಂಗಳೂರಿನ ನಡುಮಧ್ಯದ ಒಂದು ಎಕರೆ ಒಂದು ಸಲ ಕೈಬಿಟ್ಟರೆ ಇನ್ನು ನೂರು ವರ್ಷ ಸಾರ್ವಜನಿಕರ ಕೈಗೆ ಬರಲ್ಲ. ಬಂದ ದುಡ್ಡು ಆ ವರ್ಷದ ಕೊರತೆಯ ಬಾಯಿಗೆ ಹೋದರೆ ಅದು ಉರಿಯೋ ಮನೆಯಲ್ಲಿ ಗಳ ಹಿರಿದ ಹಾಗೆ. ಹಾಗಾಗಿ ಮಾರೋದು ಬೇಡ, ಬಾಡಿಗೆಗೋ ಭೋಗ್ಯಕ್ಕೋ ಕೊಡಲಿ. ಪಟ್ಟಣದ ಜಾಗದ ಆದಾಯ ಹಳ್ಳಿಯ ಸೂರಿಗೇ ಹೋಗಬೇಕು ಅಂತ ಬರೆದಿಡಲಿ. ಜಗಲಿಗೆ ಕೊಡೋ ಐನೂರು ರೂಪಾಯಿ ಎರಡು ಸಾವಿರವಾಗಲಿ. ಇಷ್ಟು ದಿನ ಹಳ್ಳಿಯ ಸೇವಕರು ತಮ್ಮ ಮನೆ ಕೊಟ್ಟು ಇಲಾಖೆಗೆ ಉಳಿಸಿಕೊಟ್ಟಿದ್ದಾರಲ್ಲ, ಆ ಸಾಲ ತೀರಿಸಿದ ಹಾಗಾಗುತ್ತೆ.

ಬರೀ ಬೈಯೋದು ಸುಲಭ, ಏನು ಮಾಡಬೇಕು ಹೇಳು ಅಂತೀರಿ. ನನಗೆ ತೋಚಿದ್ದು ನಾಲ್ಕು ವಿಷಯ.

ಮೊದಲನೆಯದು, ಪ್ರತಿ ಕಟ್ಟಡಕ್ಕೂ ಒಂದು ಪುಸ್ತಕ. ಆಸ್ಪತ್ರೆಯಲ್ಲಿ ರೋಗಿಗೆ ಇರುತ್ತಲ್ಲ, ಹಾಗೆ. ಮಾಡು ಯಾವತ್ತು ನೋಡಿದರು, ವೈರಿಂಗ್ ಯಾವತ್ತು ಬದಲಿಸಿದರು, ಬಾವಿ ಬತ್ತಿದ್ದು ಯಾವ ತಿಂಗಳು, ಕರೆಂಟ್ ಬಿಲ್ ಎಷ್ಟು. ಅದು ಬಾಡಿಗೆ ಮನೆಯೇ ಆಗಿರಲಿ, ಜಗಲಿಯೇ ಆಗಿರಲಿ. ಅಧಿಕಾರಿ ವರ್ಗವಾಗಿ ಹೋದರೂ ಪುಸ್ತಕ ಅಲ್ಲೇ ಇರಬೇಕು.

ಎರಡನೆಯದು, ಸಣ್ಣ ರಿಪೇರಿಯ ದುಡ್ಡು ಆ ಕಚೇರಿಯ ಕೈಯಲ್ಲೇ. ನಿಯಮದ ಪುಸ್ತಕದಲ್ಲಿ ಇಂಥವರಿಗೆ ಇಷ್ಟು ಅಧಿಕಾರ ಅಂತ ಇರಬಹುದು. ಕಾಗದದಲ್ಲಿರೋ ಅಧಿಕಾರ ಬೇರೆ, ಪೆಟ್ಟಿಗೆಯಲ್ಲಿರೋ ದುಡ್ಡು ಬೇರೆ. ಅದು ಮಾರ್ಚ್ 31ಕ್ಕೆ ವಾಪಸ್ ಹೋಗಬಾರದು. ಉಳಿದರೆ ಮುಂದಿನ ವರ್ಷಕ್ಕೆ ಸೇರಲಿ. ಉಳಿಸಿದವನಿಗೆ ಶಿಕ್ಷೆ ಕೊಡೋ ಪದ್ಧತಿ ಮೊದಲು ಹೋಗಬೇಕು.

ಮೂರನೆಯದು, ಕಾಲ ಮತ್ತು ನಕ್ಷೆ ವಲಯದಲ್ಲೇ ನಿರ್ಧಾರವಾಗಲಿ. ಧಾರವಾಡದಲ್ಲಿ ಉತ್ತರ ಕರ್ನಾಟಕ ವಲಯದ ಪೋಸ್ಟ್‌ಮಾಸ್ಟರ್ ಜನರಲ್ ಕಚೇರಿ ಇದೆ. ಬಯಲುಸೀಮೆಗೆ ಎಂಥ ಗೋಡೆ ಬೇಕು, ಕಾರವಾರದ ಕಡಲಂಚಿಗೆ ಎಂಥ ಕಿಟಕಿ ಬೇಕು ಅಂತ ತಿಳಿದುಕೊಳ್ಳೋಕೆ ಅಲ್ಲಿಂದ ದೆಹಲಿಗಿಂತ ಹತ್ತಿರ.

ನಾಲ್ಕನೆಯದು, ಕಟ್ಟೋ ಮೊದಲು ಹುಡುಕಿ. ಅದೇ ಊರಿನಲ್ಲಿ ಬೇರೆ ಯಾವ ಇಲಾಖೆಯ ಕೋಣೆ ಖಾಲಿ ಇದೆ ಅಂತ ನೋಡದೆ ಹೊಸ ಕಟ್ಟಡಕ್ಕೆ ಮಂಜೂರಾತಿ ಕೊಡಬಾರದು.

ಇದಕ್ಕೆ ಆಕ್ಷೇಪಣೆಗಳಿವೆ, ಗೊತ್ತು. ಸಣ್ಣ ದುಡ್ಡು ಕೈಗೆ ಕೊಟ್ಟರೆ ಸಣ್ಣ ಸಣ್ಣದಾಗಿ ತಿಂತಾರೆ ಅಂತಾರೆ. ಒಬ್ಬಿಬ್ಬರು ತಿನ್ನಬಹುದು. ಆದರೆ ಆರು ಹಂಚಿನಲ್ಲಿ ಎಷ್ಟು ತಿನ್ನೋಕಾಗುತ್ತೆ ಸ್ವಾಮಿ? ಆರು ಹಂಚು ಹಾಕದೆ ಕಟ್ಟಿದ ಹೊಸ ಕಟ್ಟಡದಲ್ಲಿ ತಿನ್ನೋ ಅವಕಾಶ ಎಷ್ಟಿತ್ತು ಅಂತ ಲೆಕ್ಕ ಹಾಕಿ. ಊರಿನವರ ಕಣ್ಣೆದುರು ನಡೆಯೋ ಖರ್ಚಿಗೆ ಊರೇ ಆಡಿಟರ್. ಬೇಕಾದರೆ ಖರ್ಚಿನ ಚೀಟಿ ಗೋಡೆಗೆ ಅಂಟಿಸಲಿ.

ಇನ್ನೊಂದು, ಎಲ್ಲ ಮೊಬೈಲಿಗೆ ಬಂದ ಮೇಲೆ ಕಚೇರಿಗಳೇ ಯಾಕೆ ಬೇಕು ಅಂತ. ಈ ಪ್ರಶ್ನೆ ಕೇಳೋರು ಸಾಮಾನ್ಯವಾಗಿ ಮೊಬೈಲ್ ಚೆನ್ನಾಗಿ ಬಳಸೋರು. 2017ರ ಕೊನೆಯಲ್ಲಿ 'ದರ್ಪಣ' ಯೋಜನೆಯಲ್ಲಿ ಶಾಖಾ ಅಂಚೆ ಕಚೇರಿಗಳಿಗೆ ಸೌರಶಕ್ತಿಯಲ್ಲಿ ಚಾರ್ಜ್ ಆಗೋ ಕೈಯಂತ್ರ ಕೊಟ್ಟರು, 2018ರ ಸೆಪ್ಟೆಂಬರಿನಲ್ಲಿ ಅಂಚೆ ಪೇಮೆಂಟ್ಸ್ ಬ್ಯಾಂಕ್ ಬಂತು. ಅಂದರೆ ತಂತ್ರಜ್ಞಾನ ಬಂದ ಮೇಲೆ ಹಳ್ಳಿಯ ಜಗಲಿಗೆ ಕೆಲಸ ಜಾಸ್ತಿಯಾಯಿತೇ ಹೊರತು ಕಮ್ಮಿಯಾಗಲಿಲ್ಲ. ಬೆರಳು ಒತ್ತಿ ದುಡ್ಡು ತಗೊಳ್ಳೋ ಅಜ್ಜಿಗೆ ನಿಲ್ಲೋಕೆ ನೆರಳು ಬೇಕಲ್ಲ. ಯಂತ್ರದ ಬ್ಯಾಟರಿಗೂ ಒಂದು ಆಯಸ್ಸಿರುತ್ತೆ. ಸೌರಫಲಕ ಹಾಕಿದ ದಿನದ ಫೋಟೋ ಎಲ್ಲಾ ಕಡೆ ಸಿಗುತ್ತೆ, ಅದರ ಧೂಳು ಒರೆಸಿದ ದಿನದ ಫೋಟೋ ಎಲ್ಲೂ ಸಿಗಲ್ಲ. ಬಾಳಿಕೆ ಇರೋದು ಈ ಎರಡನೇ ಫೋಟೋದಲ್ಲಿ.

ವಿಧಾನಸೌಧದ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಕೆತ್ತಿದ್ದಾರೆ. ದೇವರ ಕೆಲಸ ಮಾಡೋ ಅರ್ಚಕರನ್ನು ನೋಡಿ. ದೇವಸ್ಥಾನ ಕಟ್ಟಿದ್ದು ಯಾವ ರಾಜನೋ ಇರಬಹುದು, ಆದರೆ ದಿನಾ ಬೆಳಿಗ್ಗೆ ಗುಡಿಸಿ, ದೀಪಕ್ಕೆ ಎಣ್ಣೆ ಹಾಕುವವನಿಂದ ಅದು ನಿಂತಿದೆ. ಎಣ್ಣೆಗೆ ಅಂತ ಅವನು ಪ್ರತಿ ದಿನ ರಾಜಧಾನಿಗೆ ಬರೆಯಬೇಕಾಗಿದ್ದರೆ ನಮ್ಮ ಯಾವ ಗುಡಿಯಲ್ಲೂ ದೀಪ ಇರುತ್ತಿರಲಿಲ್ಲ.

ಅಂದಹಾಗೆ ಅಜ್ಜನ ದಾಖಲೆ ಏನಾಯಿತು ಅಂತ ಕೇಳಲಿಲ್ಲ ನೀವು. ಇಸವಿ ಸಿಗಲೇ ಇಲ್ಲ. ಬೇರೆ ಕಡೆಯಿಂದ ಪ್ರಮಾಣಪತ್ರ, ಅಫಿಡವಿಟ್ಟು, ಇಬ್ಬರು ಸಾಕ್ಷಿ ಅಂತ ಹೇಗೋ ಕೆಲಸ ಆಯಿತು. ಆದರೆ ಅಜ್ಜನ ಕೈಬರಹದ ಸಹಿ ಇದ್ದ ಒಂದೇ ಒಂದು ಪುಟ ಅದು. ಮನೆಯಲ್ಲಿ ಅವರದ್ದು ಬೇರೆ ಯಾವ ಬರಹವೂ ಇಲ್ಲ. ಹೋದ ತಿಂಗಳು ಆ ಊರಿನಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದ ಅಂಗಡಿಯಲ್ಲಿ ಮಂಗಳೂರು ಹಂಚಿನ ಬೆಲೆ ಕೇಳಿದೆ. ಆರು ಹಂಚಿಗೆ ಆಗೋ ದುಡ್ಡು ನನ್ನ ಜೇಬಿನಲ್ಲಿ ಆಗಲೂ ಇತ್ತು, ಈಗಲೂ ಇತ್ತು.

ನಿಮ್ಮೂರಿನ ಕಚೇರಿಯಲ್ಲಿ ಎಷ್ಟು ಹಂಚು ಒಡೆದಿದೆ? ಮುಂದಿನ ಸಲ ಹೋದಾಗ ಒಮ್ಮೆ ತಲೆ ಎತ್ತಿ ನೋಡಿ.